ಗಾಯ 'ನಂಜಾಯ್ತು' ಅಂದರೆ ಏನು? ರೈತರ ಚರ್ಮಕ್ಕೆ ಬರುವ ದುಂಡಾಣು ಸೋಂಕುಗಳನ್ನು ಗುರುತಿಸುವ ಬಗೆ



ಟೊಮ್ಯಾಟೊ ಗಿಡ ಹಸಿರಾಗಿದ್ದಂತೆಯೇ ಮಧ್ಯಾಹ್ನದ ಹೊತ್ತಿಗೆ ಸೊರಗಿ ನಿಂತರೆ ನಾವು ಸುಮ್ಮನಿರಲ್ಲ. ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಹಿಡಿದು, ಹಾಲಿನಂಥ ಎಳೆ ಇಳಿಯುತ್ತಾ ಅಂತ ನೋಡ್ತೀವಿ. ಇಳಿದರೆ ದುಂಡಾಣು ಸೊರಗು ರೋಗ ಅಂತ ಗೊತ್ತಾಗುತ್ತೆ. ದಾಳಿಂಬೆ ಎಲೆ ಮೇಲೆ ಎಣ್ಣೆ ತಾಗಿದಂಥ ಚುಕ್ಕೆ ಕಂಡರೆ ಅವತ್ತೇ ಫೋಟೊ ತೆಗೆದು ನಾಲ್ಕು ಗ್ರೂಪಿಗೆ ಹಾಕ್ತೀವಿ. ಆದರೆ ನಮ್ಮದೇ ಕಾಲ್ಬೆರಳ ಸಂದಿ ಬಿರಿದು, ಪಾದ ಊದಿಕೊಂಡು, ಮುಟ್ಟಿದರೆ ಬಿಸಿ ಅನ್ನಿಸಿದರೂ "ಏನೋ ನಂಜಾಗಿದೆ, ನಾಟಿ ಮುಗೀಲಿ ನೋಡೋಣ" ಅಂತ ಮತ್ತೆ ಗದ್ದೆಗೆ ಇಳೀತೀವಿ.

ಈ ವಾರದ ಪಾಠ ಆ 'ನಂಜು' ಅನ್ನೋ ಮಾತಿನ ಬಗ್ಗೆ. ನಾನು ಓದಿದ್ದು ತೋಟಗಾರಿಕೆ, ಮಾಡ್ತಿರೋದು ಸಾವಯವ ಬೇಸಾಯ. ಡಾಕ್ಟರ್ ಅಲ್ಲ. ಹಾಗಾಗಿ ಯಾವ ಮಾತ್ರೆ ನುಂಗಬೇಕು ಅಂತ ಇಲ್ಲಿ ಹೇಳಲ್ಲ. ಬೆಳೆಯಲ್ಲಿ ರೋಗ ಗುರುತಿಸೋ ಕಣ್ಣು ನಮಗೆಲ್ಲ ಇದೆ. ಅದೇ ಕಣ್ಣನ್ನು ನಮ್ಮ ಕೈಕಾಲಿನ ಕಡೆ ತಿರುಗಿಸೋದು ಹೇಗೆ, ಯಾವ ಗುರುತು ಕಂಡರೆ ಕೆಲಸ ಬಿಟ್ಟು ಆಸ್ಪತ್ರೆಗೆ ಹೊರಡಬೇಕು ಅನ್ನೋದಷ್ಟೇ ಇಲ್ಲಿರೋ ವಿಷಯ.

ಚರ್ಮ ಅಂದರೆ ಬೇಲಿ

ದೊಡ್ಡವರ ಮೈಚರ್ಮವನ್ನು ಹರಡಿದರೆ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತೆ. ಮಣ್ಣಿನಲ್ಲಿ ಇರುವ ಹಾಗೆ ಅದರ ಮೇಲೂ ಸೂಕ್ಷ್ಮಜೀವಿಗಳು ತುಂಬಿವೆ. ಬಹುಪಾಲು ಉಪಕಾರಿಗಳು. ನಾವು ಬೇರಿನ ಹತ್ತಿರ ಟ್ರೈಕೊಡರ್ಮಾ, ಸೂಡೊಮೊನಾಸ್ ಕೊಟ್ಟು ಕೆಟ್ಟವಕ್ಕೆ ಜಾಗ ಸಿಗದ ಹಾಗೆ ಮಾಡ್ತೀವಲ್ಲ, ಚರ್ಮದ ಮೇಲಿನ ಒಳ್ಳೆಯ ದುಂಡಾಣುಗಳೂ ಅದೇ ಕೆಲಸ ಮಾಡ್ತವೆ. ಆರೋಗ್ಯವಂತ ಚರ್ಮದ ಪಿಎಚ್ 5ರ ಆಸುಪಾಸು, ಅಂದರೆ ಸ್ವಲ್ಪ ಹುಳಿ. ಈ ಹುಳಿಯೂ ಒಂದು ರಕ್ಷಣೆ. ಬಟ್ಟೆ ಸೋಪು, ವಾಷಿಂಗ್ ಪೌಡರ್ ಹಾಕಿ ದಿನಾ ಕೈ ಉಜ್ಜಿದರೆ ಇದು ಹಾಳಾಗಿ ಚರ್ಮ ಒಣಗಿ ಬಿರಿಯುತ್ತೆ.

ಚರ್ಮದ ಸೋಂಕಿನಲ್ಲಿ ಹೆಚ್ಚಾಗಿ ಸಿಕ್ಕಿಬೀಳುವವರು ಇಬ್ಬರು.

ಒಂದು, ಸ್ಟ್ಯಾಫಿಲೊಕಾಕಸ್ ಆರಿಯಸ್. ಗ್ರೀಕ್ ಭಾಷೆಯಲ್ಲಿ 'ಸ್ಟ್ಯಾಫಿಲೆ' ಅಂದರೆ ದ್ರಾಕ್ಷಿ ಗೊಂಚಲು. ಸೂಕ್ಷ್ಮದರ್ಶಕದಲ್ಲಿ ಹಾಗೇ ಗೊಂಚಲಾಗಿ ಕಾಣುತ್ತೆ ಅಂತ 1880ರ ದಶಕದಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಇಟ್ಟ ಹೆಸರು. ಅವರು ಅದನ್ನು ಕಂಡಿದ್ದು ಕುರುವಿನ ಕೀವಿನಲ್ಲಿ. ಆರೋಗ್ಯವಾಗಿರುವ ನೂರು ಜನರಲ್ಲಿ ಸುಮಾರು ಮೂವತ್ತು ಜನರ ಮೂಗಿನೊಳಗೆ ಇದು ತೊಂದರೆ ಕೊಡದೆ ಸುಮ್ಮನೆ ಇರುತ್ತೆ. ಇದರ ಕೆಲಸ ಹೆಚ್ಚಾಗಿ ಒಂದೇ ಜಾಗದಲ್ಲಿ ಕೀವು ಕಟ್ಟೋದು.

ಎರಡು, ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್. ಇದು ಸರಪಳಿಯಂತೆ ಸಾಲಾಗಿ ಬೆಳೆಯುತ್ತೆ. ಇದಕ್ಕೆ ಒಂದೇ ಕಡೆ ನಿಲ್ಲೋ ಸ್ವಭಾವ ಕಡಿಮೆ, ಚರ್ಮದ ಒಳಪದರದಲ್ಲಿ ಹರಡುತ್ತಾ ಹೋಗುತ್ತೆ.

ಇವೆರಡಕ್ಕೂ ಗಟ್ಟಿ ಚರ್ಮ ತೂರಿಕೊಂಡು ಹೋಗೋದು ಸುಲಭ ಅಲ್ಲ. ಬಾಗಿಲು ಬೇಕು. ನಿಂಬೆ ಗಿಡದಲ್ಲಿ ರಂಗೋಲಿ ಹುಳು ಎಲೆ ಕೊರೆದ ಜಾಗದಿಂದಲೇ ಕಜ್ಜಿ ರೋಗದ ದುಂಡಾಣು ಹೇಗೆ ನುಗ್ಗುತ್ತೋ, ಹಾಗೇ ಇಲ್ಲೂ. ಒಳಗೆ ಹೋದ ಮೇಲೆ ಬೆಚ್ಚಗಿನ ಜಾಗ, ಬೇಕಾದಷ್ಟು ಆಹಾರ. ಒಂದು ದುಂಡಾಣು ಅರ್ಧ ಗಂಟೆಗೆ ಎರಡಾಗುತ್ತೆ ಅಂತ ಲೆಕ್ಕ ಹಾಕಿ ನೋಡಿ, 10 ಗಂಟೆಯಲ್ಲಿ 10 ಲಕ್ಷ ದಾಟುತ್ತೆ. ನಮ್ಮ ರಕ್ತದ ಬಿಳಿಕಣಗಳು ಬಹಳಷ್ಟನ್ನು ಕೊಲ್ತವೆ ನಿಜ. ಆದರೂ 'ನಾಳೆ ನೋಡೋಣ' ಅನ್ನೋ ಮಾತಿಗೆ ಎಷ್ಟು ಬೆಲೆ ತೆರಬೇಕಾಗಬಹುದು ಅಂತ ಈ ಲೆಕ್ಕ ತೋರಿಸುತ್ತೆ.

ನಮ್ಮ ಕೆಲಸದಲ್ಲಿ ಬಾಗಿಲು ತೆರೆಯೋದು ಎಲ್ಲೆಲ್ಲಿ?

- ಬೆರಳಸಂದಿ: ನಾಟಿ, ಕಳೆ ಅಂತ ದಿನವಿಡೀ ಕೆಸರಲ್ಲಿ ನಿಂತರೆ ಕೆಸರುಹುಣ್ಣು ಆಗುತ್ತೆ. ಚರ್ಮ ಬೆಳ್ಳಗೆ ನೆನೆದು ಬಿರಿಯುತ್ತೆ. ಅಲ್ಲಿ ಮೊದಲು ಬರೋದು ಸಾಮಾನ್ಯವಾಗಿ ಶಿಲೀಂಧ್ರ, ಅದರ ಹಿಂದೆ ದುಂಡಾಣು.
- ಹಿಮ್ಮಡಿ ಬಿರುಕು: ಬೇಸಿಗೆಯಲ್ಲಿ ಒಡೆದ ಹಿಮ್ಮಡಿ, ಅದರೊಳಗೆ ಕೂರುವ ಮಣ್ಣು.
- ಮುಳ್ಳು: ಚಪ್ಪಲಿ ತೂರಿ ಚುಚ್ಚುವ ಜಾಲಿ ಮುಳ್ಳು, ದಾಳಿಂಬೆ, ನಿಂಬೆ, ಗುಲಾಬಿ ಮುಳ್ಳು. ತುದಿ ಮುರಿದು ಒಳಗೇ ಉಳಿದರೆ ಇನ್ನೂ ಕಷ್ಟ.
- ಸಣ್ಣ ಗೀರು: ಕಬ್ಬಿನ ಗರಿ, ಭತ್ತದ ಹುಲ್ಲು, ಒಣಗಿದ ಹತ್ತಿ ಕಾಯಿಯ ಚೂಪು ತುದಿ. ನೋವಿಲ್ಲ ಅಂತ ಲೆಕ್ಕಕ್ಕೇ ತಗೊಳ್ಳಲ್ಲ.
- ಕುಡುಗೋಲು, ಅಡಿಕೆ ಸುಲಿಯುವ ಕತ್ತಿ, ತಂತಿ ಬೇಲಿ.
- ತುರಿಸಿಕೊಂಡ ಗಾಯ: ಸೊಳ್ಳೆ, ಉಂಬಳ, ನುಸಿ ಕಚ್ಚಿದ ಕಡೆ ಉಗುರಲ್ಲಿ ಕೆರೆದುಕೊಂಡ ಜಾಗ.

ಸಾವಯವ ಮಾಡೋರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಜೀವಾಮೃತದ ಡ್ರಮ್ಮಿಗೆ 200 ಲೀಟರ್ ನೀರು, 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು ಹಾಕಿ ಇಡೋದು ಯಾಕೆ? ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಹೆಚ್ಚಲಿ ಅಂತಲೇ. ಮಣ್ಣಿಗೆ ಒಳ್ಳೆಯದಾದದ್ದು ಹಸಿ ಗಾಯಕ್ಕೆ ಒಳ್ಳೆಯದು ಆಗಲ್ಲ. ಕೈಗೆ ಗಾಯ ಇದ್ದಾಗ ಬರಿಗೈಯಲ್ಲಿ ಜೀವಾಮೃತ ಕಲಸೋದು, ಸಗಣಿ ಬಾಚೋದು ಬೇಡ. 'ರಾಸಾಯನಿಕ ಇಲ್ಲ, ಏನೂ ಆಗಲ್ಲ' ಅನ್ನೋ ಧೈರ್ಯ ಇಲ್ಲಿ ಕೆಲಸಕ್ಕೆ ಬರಲ್ಲ.

ಯಾವ ಸೋಂಕು, ಯಾವ ಗುರುತು?

1. ಕೀವುಗುಳ್ಳೆ ಮತ್ತು ಕುರು. ಕೂದಲಿನ ಬುಡಕ್ಕೆ ಸೋಂಕು ತಗಲಿ ಸಣ್ಣ ಗುಳ್ಳೆ ಏಳುತ್ತೆ, ತುದಿಯಲ್ಲಿ ಬಿಳಿ ಕೀವು. ಗಡ್ಡ, ಕತ್ತಿನ ಹಿಂಭಾಗ, ತೊಡೆ, ಕಂಕುಳಲ್ಲಿ ಜಾಸ್ತಿ. ಅದೇ ಆಳಕ್ಕೆ ಹೋದರೆ ಕುರು: ಗಟ್ಟಿ, ನೋಯುವ ಗಡ್ಡೆ, ಕೆಲವು ದಿನದಲ್ಲಿ ಮೆತ್ತಗಾಗಿ ಬಾಯಿ ಬಿಡುತ್ತೆ. ಹಲವು ಕುರು ಒಳಗೊಳಗೇ ಸೇರಿ ನಾಲ್ಕಾರು ಬಾಯಿ ಬಿಟ್ಟರೆ ಅದಕ್ಕೆ ಕಾರ್ಬಂಕಲ್ ಅಂತಾರೆ. ಬೆನ್ನು, ಕತ್ತಿನ ಹಿಂದೆ ಬರುತ್ತೆ, ಜ್ವರವೂ ಜೊತೆಗಿರಬಹುದು.

ಸಣ್ಣ ಕುರುವಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯ ಶಾಖ ಸಾಕು. ಒಂದು ಸಲಕ್ಕೆ 10-15 ನಿಮಿಷ, ದಿನಕ್ಕೆ ಮೂರು-ನಾಲ್ಕು ಸಲ. ಹಿಸುಕಬೇಡಿ, ಸೂಜಿ ಚುಚ್ಚಬೇಡಿ. ಹಿಸುಕಿದರೆ ಕೀವು ಹೊರಗೆ ಬರೋ ಬದಲು ಒಳಗೆ ಹರಡಬಹುದು. ಅದರಲ್ಲೂ ಮೂಗು, ಮೇಲ್ತುಟಿ, ಕಣ್ಣಿನ ಹತ್ತಿರದ ಕುರು ಮುಟ್ಟಲೇಬೇಡಿ. ಆ ಭಾಗದ ರಕ್ತನಾಳಗಳಿಗೆ ಮಿದುಳಿನ ಕಡೆಗೆ ಸಂಪರ್ಕ ಇದೆ. ಪದೇ ಪದೇ ಕುರು ಆಗ್ತಾ ಇದ್ದರೆ 'ಮೈಯಲ್ಲಿ ಉಷ್ಣ ಜಾಸ್ತಿ' ಅಂತ ಬಿಡದೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.

2. ಮಕ್ಕಳ ಹಕ್ಕಳೆ ಹುಣ್ಣು, ಅಂದರೆ ಇಂಪೆಟೈಗೊ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು. ಮೂಗು, ಬಾಯಿಯ ಸುತ್ತ ಅಥವಾ ಕೈಕಾಲಲ್ಲಿ ಸಣ್ಣ ನೀರುಗುಳ್ಳೆ ಎದ್ದು ಒಡೆದು, ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತೆ. ಈ ಜೇನು ಬಣ್ಣವೇ ಮುಖ್ಯ ಗುರುತು. ಮುಟ್ಟಿದರೆ, ಟವೆಲ್ ಹಂಚಿಕೊಂಡರೆ ಹರಡುತ್ತೆ. ಒಂದು ಮಗುವಿಗೆ ಬಂದರೆ ಮನೆಯ ಎಲ್ಲ ಮಕ್ಕಳನ್ನೂ ನೋಡಿ. ಔಷಧಿ ಶುರುವಾಗಿ ಒಂದು ದಿನ ಕಳೆಯುವ ತನಕ ಅಂಗನವಾಡಿಗೆ, ಶಾಲೆಗೆ ಕಳಿಸಬೇಡಿ. ವಾಸಿಯಾದ ಕೆಲವು ವಾರದೊಳಗೆ ಮಗುವಿನ ಮುಖ ಬಾತುಕೊಂಡರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಕೆಲವು ಮಕ್ಕಳಿಗೆ ಮೂತ್ರಪಿಂಡದ ತೊಂದರೆ ಬರೋದುಂಟು.

3. ಉಗುರುಸುತ್ತು. ಉಗುರಿನ ಪಕ್ಕದ ಚರ್ಮ ಕೆಂಪಾಗಿ ಊದಿ, ಮಿಡಿಯುವ ನೋವು, ಆಮೇಲೆ ಕೀವು. ಅಡಿಕೆ ಸುಲಿಯೋರು, ಹಾಲು ಕರೆಯೋರು, ಪಾತ್ರೆ ತೊಳೆಯೋರು, ಹೀಗೆ ಕೈ ಸದಾ ಒದ್ದೆ ಇರೋರಿಗೆ ಹೆಚ್ಚು. ಶುರುವಿನಲ್ಲಿ ಬೆಚ್ಚನೆ ನೀರಲ್ಲಿ ಬೆರಳು ಅದ್ದಿಟ್ಟರೆ ಇಳಿಯಬಹುದು. ಕೀವು ತುಂಬಿದ್ದರೆ ಡಾಕ್ಟರೇ ತೆಗೆಯಬೇಕು. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ವಾರಗಟ್ಟಲೆ ಕಾಯೋದು ಬೇಡ.

4. ಅಂಗಾಲಿನ ಗುಳಿ. ಗಮ್‌ಬೂಟ್ ಅಥವಾ ಪ್ಲಾಸ್ಟಿಕ್ ಶೂ ಹಾಕಿಕೊಂಡು ದಿನವಿಡೀ ಬೆವರುವವರ ಅಂಗಾಲಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಗುಳಿ ಕಾಣುತ್ತೆ. ವಾಸನೆ ಜೋರು. ಇದೂ ದುಂಡಾಣುವೇ, ಆದರೆ ಅಪಾಯ ಕಡಿಮೆ. ಬೂಟನ್ನು ಬಿಸಿಲಿಗೆ ಒಣಗಿಸಿ, ಹತ್ತಿ ಕಾಲುಚೀಲ ದಿನಾ ಬದಲಿಸಿ. ಹೋಗದಿದ್ದರೆ ಹಚ್ಚಲು ಔಷಧಿ ಇದೆ, ಕೇಳಿ ಪಡೆಯಿರಿ.

5. ಸೆಲ್ಯುಲೈಟಿಸ್. ಹಳ್ಳಿಯಲ್ಲಿ 'ಕಾಲಿಗೆ ನಂಜು ಏರಿದೆ' ಅಂತ ಹೇಳೋದು ಬಹಳ ಸಲ ಇದನ್ನೇ. ಈ ಲೇಖನದಲ್ಲಿ ಒಂದೇ ಒಂದು ರೋಗ ನೆನಪಿಟ್ಟುಕೊಳ್ಳಿ ಅಂದರೆ ಇದನ್ನು ಇಟ್ಟುಕೊಳ್ಳಿ. ದುಂಡಾಣು ಚರ್ಮದ ಆಳದ ಪದರಕ್ಕೆ ಇಳಿದು ಅಲ್ಲಿಂದ ಹರಡುತ್ತೆ. ಸಾಮಾನ್ಯವಾಗಿ ಒಂದೇ ಕಾಲಿಗೆ ಬರುತ್ತೆ. ಊತ, ಬಿಸಿ, ಮುಟ್ಟಿದರೆ ನೋವು, ಚರ್ಮ ಬಿಗಿದು ಮಿಂಚುವುದು, ಚಳಿಜ್ವರ, ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿದಂತೆ ನೋವು.

ಪುಸ್ತಕಗಳಲ್ಲಿ 'ಕೆಂಪಾಗುತ್ತದೆ' ಅಂತ ಬರೆದಿರುತ್ತೆ. ಬಿಸಿಲಲ್ಲಿ ದುಡಿದ ನಮ್ಮ ಕಂದು, ಕಪ್ಪು ಚರ್ಮದಲ್ಲಿ ಆ ಕೆಂಪು ಸರಿಯಾಗಿ ಕಾಣಲ್ಲ. ಸ್ವಲ್ಪ ಕಪ್ಪಾದಂತೆ, ನೇರಳೆ ಮಿಶ್ರಿತ ಬಣ್ಣದಂತೆ ಕಾಣಬಹುದು. ಅದಕ್ಕೇ ಬಣ್ಣ ನಂಬಿಕೊಂಡು ಕೂರಬೇಡಿ. ಅಂಗೈಯ ಹಿಂಭಾಗವನ್ನು ಒಂದು ಕಾಲಿಗೆ ಇಟ್ಟು, ಆಮೇಲೆ ಇನ್ನೊಂದು ಕಾಲಿನ ಅದೇ ಜಾಗಕ್ಕೆ ಇಟ್ಟು ನೋಡಿ. ಬಿಸಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತೆ.

ಇದಕ್ಕೆ ಮನೆಮದ್ದು ಇಲ್ಲ. ಆ್ಯಂಟಿಬಯೋಟಿಕ್ ಬೇಕೇ ಬೇಕು. ಬೇಗ ಹೋದರೆ ಬಹಳ ಜನಕ್ಕೆ ಮಾತ್ರೆಯಲ್ಲೇ ಮುಗಿಯುತ್ತೆ, ತಡವಾದರೆ ಅಡ್ಮಿಟ್ ಆಗಿ ನರಕ್ಕೆ ಔಷಧಿ ಹಾಕಿಸಿಕೊಳ್ಳಬೇಕು. ನಮ್ಮ ಪಕ್ಕದ ಊರಿನ ಹಿರಿಯ ರೈತರೊಬ್ಬರಿಗೆ ಸಕ್ಕರೆ ಕಾಯಿಲೆ ಇತ್ತು. ನಾಟಿ ಸಮಯದಲ್ಲಿ ಕಿರುಬೆರಳ ಸಂದಿ ಬಿರಿದಿತ್ತು. ಕಾಲು ಊದಿದ ಮೇಲೂ ಆಳು ಸಿಗಲ್ಲ ಅಂತ ಮೂರು ದಿನ ಗದ್ದೆಗೆ ಇಳಿದರು. ನಾಲ್ಕನೇ ದಿನ ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿದವರು ಎರಡು ವಾರ ಅಲ್ಲೇ ಇದ್ದರು. ಕಿರುಬೆರಳು ಉಳಿಯಲಿಲ್ಲ. ಮೂರು ದಿನದ ಕೂಲಿ ಉಳಿಸೋಕೆ ಹೋಗಿ ಆ ಮನೆಯವರು ಇಡೀ ಹಂಗಾಮಿನ ದುಡ್ಡು ಖರ್ಚು ಮಾಡಬೇಕಾಯ್ತು.

6. ನೆರಡಿ, ಅಂದರೆ ಆಂಥ್ರಾಕ್ಸ್. ಇದು ಅಪರೂಪ. ಆದರೆ ದನ, ಕುರಿ ಸಾಕುವವರು ತಿಳಿದಿರಬೇಕು. ನೆರಡಿಯಿಂದ ಸತ್ತ ಪ್ರಾಣಿಯನ್ನು ಕೊಯ್ದವರ, ಚರ್ಮ ಸುಲಿದವರ ಕೈಗೆ ಮೊದಲು ತುರಿಸುವ ಗುಳ್ಳೆ ಎದ್ದು, ಆಮೇಲೆ ನಡುವೆ ಇದ್ದಿಲಿನಂತೆ ಕಪ್ಪಾದ, ನೋವಿಲ್ಲದ ಹುಣ್ಣಾಗುತ್ತೆ. ಸುತ್ತ ಊತ ಇರುತ್ತೆ. ನೋವಿಲ್ಲ ಅಂತ ಸುಮ್ಮನಿರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ ಸತ್ತ ಪ್ರಾಣಿಯ ವಿಷಯವನ್ನೂ ಹೇಳಿ. ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಗುದದ್ವಾರದಿಂದ ಹೆಪ್ಪುಗಟ್ಟದ ರಕ್ತ ಸುರಿದಿದ್ದರೆ ಅದನ್ನು ಕೊಯ್ಯಬಾರದು. ಪಶುವೈದ್ಯರಿಗೆ ತಿಳಿಸಿ. ಈ ದುಂಡಾಣುವಿನ ಬೀಜಕಣ ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತೆ.

ಎಲ್ಲವೂ ದುಂಡಾಣು ಅಲ್ಲ

ಬೆಳೆಯಲ್ಲಿ ಶಿಲೀಂಧ್ರಕ್ಕೊಂದು ಔಷಧಿ, ನುಸಿಗೊಂದು ಔಷಧಿ ಅಂತ ನಮಗೆ ಗೊತ್ತು. ಚರ್ಮದಲ್ಲೂ ಅದೇ ನಿಯಮ.

- ಉಂಗುರದಂತೆ ಸುತ್ತ ಹರಡಿ, ನಡುವೆ ತಿಳಿಯಾಗಿ, ತುರಿಕೆ ಇದ್ದರೆ: ಹುಳುಕಡ್ಡಿ. ಹೆಸರಲ್ಲಿ ಹುಳು ಇದ್ದರೂ ಇದು ಶಿಲೀಂಧ್ರ.
- ರಾತ್ರಿ ಹೊತ್ತು ತುರಿಕೆ ಜೋರು, ಬೆರಳಸಂದಿ, ಮಣಿಕಟ್ಟು, ಸೊಂಟದ ಸುತ್ತ ಗುಳ್ಳೆ, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ: ಕಜ್ಜಿ. ಇದು ನುಸಿಯಿಂದ. ಕೆರೆದು ಗಾಯವಾದ ಮೇಲೆ ದುಂಡಾಣು ಸೇರಿಕೊಳ್ಳುತ್ತೆ.
- ಮೈಯ ಒಂದೇ ಪಕ್ಕ ಪಟ್ಟಿಯಂತೆ ನೀರುಗುಳ್ಳೆ, ಉರಿ ಇದ್ದರೆ: ಸರ್ಪಸುತ್ತು. ಇದು ವೈರಸ್.
- ಊತ, ಬಿಸಿ, ನೋವು, ಕೀವು ಇದ್ದರೆ: ದುಂಡಾಣು ಇರುವ ಸಾಧ್ಯತೆ ಹೆಚ್ಚು.

ಸುಮಾರಾಗಿ ಹೇಳಬೇಕು ಅಂದರೆ, ತುರಿಕೆಯೇ ಮುಂದಿದ್ದರೆ ಶಿಲೀಂಧ್ರ ಅಥವಾ ನುಸಿ, ನೋವು ಮತ್ತು ಬಿಸಿ ಮುಂದಿದ್ದರೆ ದುಂಡಾಣು. ಖಚಿತಪಡಿಸೋದು ಡಾಕ್ಟರ್ ಕೆಲಸ.

ಪೆನ್ನಿನ ಗೆರೆ ಎಳೆಯಿರಿ

ಇದು ಯಾವ ಖರ್ಚೂ ಇಲ್ಲದ ಉಪಾಯ, ಡಾಕ್ಟರುಗಳೂ ಮಾಡ್ತಾರೆ. ಊತ, ಬಿಸಿ ಅಥವಾ ಬಣ್ಣ ಬದಲಾವಣೆ ಎಲ್ಲಿಗೆ ನಿಂತಿದೆಯೋ ಆ ಅಂಚಿನ ಸುತ್ತ ಬಾಲ್‌ಪೆನ್ನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ದಿನ, ಗಂಟೆ ಬರೆಯಿರಿ. ಮೊಬೈಲಲ್ಲಿ ಫೋಟೊ ತೆಗೆಯಿರಿ. ಹಗಲು ಬೆಳಕಲ್ಲಿ, ಫಿಲ್ಟರ್ ಇಲ್ಲದೆ, ಗಾಯ ಮತ್ತು ಇಡೀ ಪಾದ ಎರಡೂ ಬರುವ ಹಾಗೆ. ನಾಲ್ಕಾರು ಗಂಟೆಗೊಮ್ಮೆ ನೋಡಿ.

ಊತ ಅಥವಾ ಬಿಸಿ ಗೆರೆ ದಾಟಿತಾ? ಹಾಗಾದರೆ ಸೋಂಕು ಮುಂದಕ್ಕೆ ಹೋಗ್ತಾ ಇದೆ ಅಂತ. ಅದೇ ದಿನ ಆಸ್ಪತ್ರೆಗೆ ಹೊರಡಿ. ಆ ಫೋಟೊಗಳನ್ನೂ ತೋರಿಸಿ, ಎಷ್ಟು ವೇಗವಾಗಿ ಹರಡಿದೆ ಅಂತ ಡಾಕ್ಟರಿಗೆ ಗೊತ್ತಾಗುತ್ತೆ. ಔಷಧಿ ಶುರು ಮಾಡಿದ ಮೊದಲ ದಿನ ಗೆರೆ ಸ್ವಲ್ಪ ದಾಟಬಹುದು. ಆದರೆ ಎರಡು ದಿನ ಮಾತ್ರೆ ತಗೊಂಡರೂ ಕಡಿಮೆ ಆಗದಿದ್ದರೆ ಮತ್ತೆ ಹೋಗಿ ತೋರಿಸಬೇಕು.

ಈ ಲಕ್ಷಣಕ್ಕೆ ಗೆರೆಯನ್ನೂ ಕಾಯಬೇಡಿ, ತಕ್ಷಣ ಹೊರಡಿ

1. ಚಳಿ ನಡುಕ, ಜೋರು ಜ್ವರ, ತಲೆ ಸುತ್ತು, ಮಾತಿನಲ್ಲಿ ಗೊಂದಲ, ಉಸಿರು ಜೋರಾಗುವುದು.
2. ಗಾಯದಿಂದ ಮೇಲಕ್ಕೆ, ಕಂಕುಳ ಅಥವಾ ತೊಡೆಸಂದಿ ಕಡೆಗೆ ಗೆರೆಯಂತೆ ಬಣ್ಣ ಏರುವುದು.
3. ಗಾಯ ಸಣ್ಣದು, ನೋವು ಮಾತ್ರ ತಡೆಯಲಾಗದಷ್ಟು. ಚರ್ಮ ನೇರಳೆ, ಕಪ್ಪು ಆಗುವುದು, ದೊಡ್ಡ ನೀರುಗುಳ್ಳೆ ಏಳುವುದು. ಇದು ಗಂಟೆಗಳ ಲೆಕ್ಕದಲ್ಲಿ ಮಾಂಸ ಕೊಳೆಸುವ ಸೋಂಕಿನ ಗುರುತಾಗಿರಬಹುದು, ಜೀವಕ್ಕೇ ಅಪಾಯ.
4. ಕಣ್ಣಿನ ಸುತ್ತ ಊತ.
5. ಸಕ್ಕರೆ ಕಾಯಿಲೆ ಇರುವವರ ಪಾದದ ಯಾವುದೇ ಗಾಯ.

ಗಾಡಿ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಸಲಹೆ ಬೇಕಿದ್ದರೆ ಕರ್ನಾಟಕದಲ್ಲಿ 104 ಆರೋಗ್ಯ ಸಹಾಯವಾಣಿ ಇದೆ.

ಗಾಯವಾದ ಮೊದಲ ಹತ್ತು ನಿಮಿಷ

- ರಕ್ತ ಬರ್ತಾ ಇದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ.
- ನಿಂತ ಮೇಲೆ ಹರಿಯುವ ಶುದ್ಧ ನೀರು, ಮೈಸೋಪಿನಿಂದ ಐದು ನಿಮಿಷ ತೊಳೆಯಿರಿ. ಕಾಲುವೆ, ಕೃಷಿ ಹೊಂಡದ ನೀರು ಬೇಡ. ಕುಡಿಯೋಕೆ ತಂದ ಬಾಟಲಿ ನೀರೇ ಆದೀತು.
- ಮಣ್ಣು, ಮುಳ್ಳಿನ ಚೂರು ಉಳಿದಿದೆಯಾ ನೋಡಿ. ಆಳದಲ್ಲಿದ್ದರೆ ಕೆದಕಬೇಡಿ, ತೆಗೆಸಿ.
- ಪೊವಿಡೋನ್ ಅಯೋಡಿನ್ ಹಚ್ಚಿ, ಒಣ ಗಾಜ್ ಬಟ್ಟೆ ಕಟ್ಟಿ. ದಿನಾ ಬದಲಿಸಿ. ಒದ್ದೆಯಾದರೆ ಆಗಲೇ ಬದಲಿಸಿ.
- ಧನುರ್ವಾಯು ಲಸಿಕೆ ಕೊನೆಗೆ ಯಾವಾಗ ಹಾಕಿಸಿದ್ದು ಅಂತ ನೆನಪು ಮಾಡಿಕೊಳ್ಳಿ.

ಈ ಕೊನೆಯದು ಬಹಳ ಮುಖ್ಯ. ಧನುರ್ವಾಯುವಿನ ದುಂಡಾಣು ಮಣ್ಣು, ಸಗಣಿಯಲ್ಲೇ ಇರೋದು. ಗಾಯದಲ್ಲಿ ಕೀವು ಕಾಣದಿದ್ದರೂ ಅದರ ವಿಷ ನರಗಳಿಗೆ ಹೋಗುತ್ತೆ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ 10 ಮತ್ತು 16ನೇ ವಯಸ್ಸಿಗೆ ಇದರ ಇಂಜೆಕ್ಷನ್ ಇದೆ, ಆಮೇಲೆ 10 ವರ್ಷಕ್ಕೊಮ್ಮೆ ಹಾಕಿಸಬೇಕು. ಗಾಯಕ್ಕೆ ಮಣ್ಣು, ಸಗಣಿ ತಾಗಿದ್ದು, ಕೊನೆಯ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಮತ್ತೆ ಬೇಕಾಗುತ್ತೆ. ಬಾಲ್ಯದ ಲಸಿಕೆ ಆಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಗಾಯಕ್ಕೆ ಹಚ್ಚಬಾರದ್ದು

ಸಗಣಿ, ಬೆರಣಿ ಬೂದಿ, ಮಣ್ಣು, ಕಾಫಿ ಪುಡಿ, ಸೀಮೆಎಣ್ಣೆ, ಬೀಡಿ ಕಾಗದ: ಇವು ಯಾವುದೂ ಬೇಡ. ಅರಿಶಿನದ ಬಗ್ಗೆ ಎಲ್ಲರೂ ಕೇಳ್ತಾರೆ. ಅರಿಶಿನದಲ್ಲಿ ಒಳ್ಳೆಯ ಗುಣ ಇದೆ, ನಾನೇ ಬೆಳೀತೀನಿ. ಆದರೆ ಅಡುಗೆಮನೆ ಡಬ್ಬಿಯ ಪುಡಿ ಗಾಯಕ್ಕೆ ಹಾಕುವಷ್ಟು ಶುದ್ಧ ಅಲ್ಲ, ಒದ್ದೆ ಗಾಯಕ್ಕೆ ಮೆತ್ತಿದರೆ ಒಳಗೇನಾಗ್ತಿದೆ ಅಂತ ಕಾಣೋದೂ ಇಲ್ಲ. ಹಸುವಿನ ಕೆಚ್ಚಲು ಬಾವಿಗೆ ತಂದ ಟ್ಯೂಬ್ ಮನುಷ್ಯರಿಗೆ ಅಲ್ಲ.

ಇನ್ನು ಮೆಡಿಕಲ್ ಸ್ಟೋರಿನಲ್ಲಿ 'ಚರ್ಮಕ್ಕೆ ಒಂದು ಟ್ಯೂಬ್ ಕೊಡಿ' ಅಂತ ಕೇಳಿ ತರೋದು. ಕೀಟನಾಶಕದ ಡಬ್ಬಿ ಹಿಂದೆ ಟೆಕ್ನಿಕಲ್ ಹೆಸರು ಓದೋ ಅಭ್ಯಾಸ ನಿಮಗಿದೆ ತಾನೇ? ಟ್ಯೂಬಿನ ಹಿಂದೆಯೂ ಓದಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಹಚ್ಚಿದ ಕೂಡಲೇ ಕೆಂಪು, ತುರಿಕೆ ಇಳಿಯುತ್ತೆ, 'ಪವರ್‌ಫುಲ್ ಔಷಧಿ' ಅನ್ನಿಸುತ್ತೆ. ಒಳಗೆ ಸೋಂಕು ಮಾತ್ರ ಬೆಳೀತಾ ಇರುತ್ತೆ. ಡಾಕ್ಟರ್ ಬರೆದುಕೊಡದೆ ಇವನ್ನು ಬಳಸಬೇಡಿ.

ಮಾತ್ರೆ ಅರ್ಧಕ್ಕೆ ನಿಲ್ಲಿಸಬೇಡಿ

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು ಇದೇ ಸ್ಟ್ಯಾಫಿಲೊಕಾಕಸ್ ಬೆಳೆಸಿದ್ದ ತಟ್ಟೆಯಲ್ಲಿ. 1945ರಲ್ಲಿ ನೊಬೆಲ್ ಪಡೆದಾಗ ಮಾಡಿದ ಭಾಷಣದಲ್ಲೇ ಅವರು, ಕಡಿಮೆ ಪ್ರಮಾಣದಲ್ಲಿ ಔಷಧಿ ತಗೊಂಡರೆ ದುಂಡಾಣು ಅದಕ್ಕೆ ಒಗ್ಗಿಹೋಗುತ್ತೆ ಅಂತ ಎಚ್ಚರಿಸಿದ್ದರು. ಆಮೇಲೆ ಮೆಥಿಸಿಲಿನ್ ಅನ್ನೋ ಹೊಸ ಔಷಧಿ ಬಂತು. ಅದಕ್ಕೂ ಬಗ್ಗದ ಸ್ಟ್ಯಾಫಿಲೊಕಾಕಸ್ 1961ರಲ್ಲೇ ವರದಿಯಾಯ್ತು. ಒಂದೇ ಕೀಟನಾಶಕವನ್ನು ಸರಿಯಾದ ಪ್ರಮಾಣ ಇಲ್ಲದೆ ಪದೇ ಪದೇ ಹೊಡೆದರೆ ಹುಳು ಸಾಯೋದೇ ನಿಲ್ಲಿಸುತ್ತಲ್ಲ, ಕತೆ ಅದೇ. ಡಾಕ್ಟರ್ ಎಷ್ಟು ದಿನ ಹೇಳಿದ್ದಾರೋ ಅಷ್ಟು ದಿನ, ಅದೇ ಹೊತ್ತಿಗೆ ನುಂಗಿ. ಮೊಬೈಲಲ್ಲಿ ಅಲಾರಂ ಇಡಿ. ಉಳಿದ ಮಾತ್ರೆಯನ್ನು ಪಕ್ಕದ ಮನೆಯವರಿಗೆ ಕೊಡಬೇಡಿ.

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ

ಅಪ್ಪ, ಅಮ್ಮ, ಅಜ್ಜ ಯಾರಿಗಾದರೂ ಇದ್ದರೆ ಅವರ ಪಾದ ನೋಡೋ ಜವಾಬ್ದಾರಿ ನೀವು ತಗೊಳ್ಳಿ. ಈ ಕಾಯಿಲೆಯಲ್ಲಿ ಪಾದದ ನರಗಳ ಸ್ಪರ್ಶ ಕಡಿಮೆ ಆಗುತ್ತೆ. ಮುಳ್ಳು ಮುರಿದುಕೊಂಡಿದ್ದರೂ ಅವರಿಗೆ ಗೊತ್ತಾಗಲ್ಲ. ರಕ್ತ ಓಡಾಟವೂ ಕಡಿಮೆ, ಗಾಯ ಮಾಯೋದು ನಿಧಾನ. ರಾತ್ರಿ ಊಟ ಆದ ಮೇಲೆ ಮೊಬೈಲ್ ಟಾರ್ಚ್ ಹಾಕಿ ಅಂಗಾಲು, ಬೆರಳಸಂದಿ ನೋಡಿ. ಎರಡು ನಿಮಿಷದ ಕೆಲಸ. ಬರಿಗಾಲಲ್ಲಿ ತೋಟಕ್ಕೆ ಹೋಗದಂತೆ ಹೇಳಿ. ನಮ್ಮ ಹಿರಿಯರಿಗೆ ಇದನ್ನು ಒಪ್ಪಿಸೋದೇ ಕಷ್ಟ, ಆದರೂ ಬಿಡಬೇಡಿ.

ತಡೆಯೋದು ಹೇಗೆ?

- ಗದ್ದೆಯಿಂದ ಬಂದ ಕೂಡಲೇ ಕಾಲು ತೊಳೆದು, ಬೆರಳಸಂದಿ ಒರೆಸಿ ಒಣಗಿಸಿ. ತೊಳೆಯೋದಕ್ಕಿಂತ ಒಣಗಿಸೋದನ್ನೇ ನಾವು ಮರೆಯೋದು. ಸಂದಿಯಲ್ಲಿ ಶಿಲೀಂಧ್ರ ಇದ್ದರೆ ಅದಕ್ಕೆ ಚಿಕಿತ್ಸೆ ತಗೊಳ್ಳಿ. ಬಾಗಿಲು ಮುಚ್ಚದಿದ್ದರೆ ಸೆಲ್ಯುಲೈಟಿಸ್ ಮತ್ತೆ ಮತ್ತೆ ಬರುತ್ತೆ.
- ಹಿಮ್ಮಡಿಗೆ ರಾತ್ರಿ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಗಾಯ ಇಲ್ಲದ ಒಣ ಚರ್ಮಕ್ಕೆ ಇದು ಒಳ್ಳೆಯದು.
- ಮುಳ್ಳಿನ ಗಿಡ ಸವರುವಾಗ ಚರ್ಮದ ಗ್ಲೌಸ್, ಜೀವಾಮೃತ, ಸಗಣಿ ಕೆಲಸಕ್ಕೆ ರಬ್ಬರ್ ಗ್ಲೌಸ್.
- ಉಗುರು ಚಿಕ್ಕದಾಗಿರಲಿ. ಟವೆಲ್, ಬ್ಲೇಡ್ ಹಂಚಿಕೊಳ್ಳಬೇಡಿ.
- ಪಂಪ್‌ಹೌಸಿನಲ್ಲಿ ಒಂದು ಡಬ್ಬಿ ಇಡಿ: ಮೈಸೋಪು, ಪೊವಿಡೋನ್ ಅಯೋಡಿನ್, ಗಾಜ್, ಅಂಟುಪಟ್ಟಿ, ಬಾಲ್‌ಪೆನ್ನು, ಎರಡು ಲೀಟರ್ ಶುದ್ಧ ನೀರು. ದಾಳಿಂಬೆ ಚಾಟನಿ ಮಾಡುವಾಗ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಕತ್ತರಿಯನ್ನು ಔಷಧಿ ನೀರಿಗೆ ಅದ್ದುವ ನಾವು, ನಮ್ಮ ಕೈಗೆ ಇಷ್ಟಾದರೂ ಮಾಡಬಹುದು.

ಕೂಲಿಗೆ ಬರುವವರ ವಿಷಯವನ್ನೂ ಮರೆಯಬೇಡಿ. ಒಂದು ದಿನ ಬಿಟ್ಟರೆ ಕೂಲಿ ಹೋಗುತ್ತೆ ಅಂತ ಅವರು ಗಾಯ ಮುಚ್ಚಿಟ್ಟುಕೊಂಡು ಕೆಲಸ ಮಾಡ್ತಾರೆ. 'ಕಾಲು ತೋರಿಸಿ, ಏನಾಗಿದೆ' ಅಂತ ಕೇಳಬೇಕಾದವರು ನಾವೇ. ಆಸ್ಪತ್ರೆಗೆ ಹೋದ ದಿನದ ಕೂಲಿ ಕೊಡ್ತೀವಿ ಅಂತ ಮೊದಲೇ ಹೇಳಿಬಿಟ್ಟರೆ ಅವರೂ ಬೇಗ ಬಾಯಿಬಿಡ್ತಾರೆ.

ಈ ವಾರದ ಮನೆಗೆಲಸ

ಮೂರೇ ಕೆಲಸ. ಇವತ್ತು ಸಂಜೆ ನಿಮ್ಮ ಎರಡೂ ಪಾದದ ಬೆರಳಸಂದಿ ಬಿಡಿಸಿ ನೋಡಿ. ಕೊನೆಯ ಧನುರ್ವಾಯು ಇಂಜೆಕ್ಷನ್ ಯಾವ ವರ್ಷ ಅಂತ ಮನೆಯಲ್ಲಿ ಕೇಳಿ ಮೊಬೈಲ್ ನೋಟ್ಸಿನಲ್ಲಿ ಬರೆದಿಡಿ, ಹತ್ತು ವರ್ಷ ದಾಟಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಾಕಿಸಿಕೊಳ್ಳಿ. ಪಂಪ್‌ಹೌಸಿಗೆ ಡಬ್ಬಿ ಜೋಡಿಸಿ. ಮುಂದಿನ ಸಲ ಯಾರಾದರೂ 'ನಂಜಾಗಿದೆ' ಅಂದಾಗ, ಎಷ್ಟು ದಿನದಿಂದ, ಬಿಸಿ ಇದೆಯಾ, ಹರಡ್ತಾ ಇದೆಯಾ, ಜ್ವರ ಇದೆಯಾ ಅಂತ ನಾಲ್ಕು ಪ್ರಶ್ನೆ ಕೇಳಿ. ಹರಡ್ತಾ ಇದ್ದರೆ ಅಥವಾ ಜ್ವರ ಇದ್ದರೆ ಬೈಕ್ ತೆಗೆಯಿರಿ. ನಾಟಿ ಎರಡು ದಿನ ತಡವಾದರೂ ಆಗುತ್ತೆ.